ನೆಲದ ಪ್ಲಗ್ ಪಾಯಿಂಟ್ ತೆಗೆಸುವುದು, ಗೋಡೆಗೆ ಸರಿಸುವುದು: ಮನೆಯವರು ತಿಳಿದಿರಬೇಕಾದ ಕ್ರಮ

ದಾವಣಗೆರೆಯಲ್ಲಿ ಎಂಸಿಸಿ ಬ್ಲಾಕ್, ವಿದ್ಯಾನಗರ, ಪಿ.ಜೆ. ಬಡಾವಣೆ ಕಡೆ ಮನೆ ನೋಡಲು ಹೋದರೆ ಆಗೊಮ್ಮೆ ಈಗೊಮ್ಮೆ ಇಂಥದ್ದು ಕಣ್ಣಿಗೆ ಬೀಳುತ್ತದೆ: ಹಾಲ್ ನಡುವೆ, ನೆಲದಲ್ಲೇ ಒಂದು ಪ್ಲಗ್ ಪಾಯಿಂಟ್. ಹಿಂದೆ ಅಲ್ಲಿ ಕಂಪ್ಯೂಟರ್ ಕ್ಲಾಸೋ, ಡಿಟಿಪಿ ಸೆಂಟರೋ, ಟೈಲರ್ ಅಂಗಡಿಯೋ ನಡೆದಿರುತ್ತದೆ. ನಡುವೆ ಟೇಬಲ್ ಸಾಲು, ಅದಕ್ಕೆ ನೆಲದಿಂದ ಕರೆಂಟ್. ಈಗ ಅದೇ ಜಾಗದಲ್ಲಿ ಸಂಸಾರ ಇದೆ. ದಿವಾನ ಹಾಕಿದರೆ ಕಾಲಿಗೆ ಅಡ್ಡ, ಚಾಪೆ ಹಾಸಿದರೆ ಉಬ್ಬು, ಅಂಬೆಗಾಲಿಡುವ ಮಗು ಮೊದಲು ಬೆರಳು ಹಾಕುವುದು ಅಲ್ಲಿಗೇ.

ಅಡ್ಡ ಬರುವುದು ಸಣ್ಣ ಮಾತು. ನಿಜವಾದ ತೊಂದರೆ ನೀರು. ಹಬ್ಬ ಬಂತೆಂದರೆ ನಮ್ಮ ಕಡೆ ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಡುವುದಿಲ್ಲ. ಬಕೆಟ್‌ಗಟ್ಟಲೆ ನೀರು ಸುರಿದು, ಕಡ್ಡಿ ಪೊರಕೆಯಲ್ಲಿ ತಿಕ್ಕಿ ತೊಳೆಯುತ್ತೇವೆ. ನೆಲದ ಸಾಕೆಟ್‌ನ ಮುಚ್ಚಳ ಸಡಿಲ ಇದ್ದರೆ ಆ ನೀರು ನೇರ ಬಾಕ್ಸಿಗೆ ಇಳಿಯುತ್ತದೆ. ಮೇಲೆ ಒಣಗಿದಂತೆ ಕಂಡರೂ ಪೈಪಿನೊಳಗೆ ನಿಂತಿರುತ್ತದೆ. ಅದರ ಜೊತೆ ಕಸ, ಕೂದಲು, ಇರುವೆ. ಎರೆಮಣ್ಣಿನ ಮೇಲೆ ಕಟ್ಟಿದ ಮನೆಗಳಲ್ಲಿ ಇನ್ನೊಂದು ತಲೆನೋವು: ಮಳೆಗಾಲದಲ್ಲಿ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ನೆಲ ಅಷ್ಟಿಷ್ಟು ಅಲುಗಾಡಿದರೂ ಅಡಿಯಲ್ಲಿರುವ ಪೈಪಿನ ಜೋಡಣೆ ಬಿಟ್ಟುಕೊಳ್ಳಬಹುದು. ಆಮೇಲೆ ಕೆಳಗಿನಿಂದಲೂ ತೇವ.

ತೆಗೆಸುತ್ತೀರೋ ಸರಿಸುತ್ತೀರೋ, ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಟೈಲ್ ಕೆಳಗೆ ಕರೆಂಟ್ ಇರುವ ವೈರಿನ ತುದಿಯಾಗಲಿ, ಜಾಯಿಂಟ್ ಆಗಲಿ ಉಳಿಯಬಾರದು. "ಟೇಪ್ ಸುತ್ತಿ ಒಳಗ ತಳ್ಳಿ ಟೈಲ್ಸ್ ಹಾಕಿದ್ರ ಮುಗೀತು ಬಿಡ್ರಿ ಸರ" ಅನ್ನುವವರು ಸಿಗುತ್ತಾರೆ. ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ನಿಜ. ಆದರೆ ನಾಲ್ಕು ವರ್ಷ ಬಿಟ್ಟು ಯಾರೋ ಅಲ್ಲಿ ಡ್ರಿಲ್ ಇಡುತ್ತಾರೆ. ಅಥವಾ ಟೇಪಿನ ಅಂಟು ಬಿಟ್ಟು ನೆಲವೇ ಜುಮ್ಮೆನ್ನಲು ಶುರುವಾಗುತ್ತದೆ. ಎಲ್ಲಿಂದ ಅಂತ ಹುಡುಕುವುದು?

ಇನ್ನು ವೈರಿಗೆ ಕೈ ಹಾಕುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೇ ಬಿಡಿ. ಪೈಪ್ ಎಲ್ಲಿಂದ ಬಂದಿದೆ ಅಂತ ಊಹಿಸುವುದು, ಹೊಸ ಜಾಗ ಗೊತ್ತು ಮಾಡುವುದು, ಗಾರೆ ಕೆಲಸ ಮಾಡಿಸುವುದು, ಕೊನೆಗೆ ಸರಿಯಾಗಿದೆಯಾ ಅಂತ ಕೇಳಿ ನೋಡುವುದು ನಿಮ್ಮ ಪಾಲು. ಕೆಳಗೆ ಬರೆದಿರುವುದು ಎರಡನ್ನೂ ಸೇರಿಸಿ, ಕೆಲಸ ನಡೆಯುವ ಕ್ರಮದಲ್ಲಿ.

ತೆಗೆಸಬೇಕಾ, ಸರಿಸಬೇಕಾ, ಮುಚ್ಚಿಟ್ಟರೆ ಸಾಕಾ?

ಬಾಡಿಗೆ ಮನೆ ಆದರೆ ಮುಚ್ಚಿಡುವುದೇ ಸರಿ. ಓನರ್‌ಗೆ ಹೇಳಿ ಸಾಕೆಟ್ ತೆಗೆಸಿ. ಆ ವೈರನ್ನು ಅದು ಹೊರಟ ಬೋರ್ಡಿನಲ್ಲೇ ಕಳಚಿಸಿ. ನೆಲದ ಬಾಕ್ಸಿನಲ್ಲಿ ತುದಿಗಳಿಗೆ ಕನೆಕ್ಟರ್ ಹಾಕಿಸಿ, ಮೇಲೆ ಖಾಲಿ ಪ್ಲೇಟ್ ಕೂರಿಸಿ ಸ್ಕ್ರೂ ಬಿಗಿ ಮಾಡಿ. ನಾಳೆ ಬೇರೆಯವರಿಗೆ ಬೇಕಾದರೆ ಮತ್ತೆ ಜೋಡಿಸಿಕೊಳ್ಳಬಹುದು.

ಸ್ವಂತ ಮನೆ, ಪಾಯಿಂಟ್ ಬೇಕೇ ಇಲ್ಲ ಅಂದರೆ ತೆಗೆಸಿ. ಬೇಕು ಆದರೆ ಅಲ್ಲಿ ಬೇಡ ಅಂದರೆ ಗೋಡೆಗೆ ಸರಿಸಿ. ನೆಲದಲ್ಲೇ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸರಿಸುವುದು ನನಗಂತೂ ಸುಮ್ನೆ ದುಡ್ಡು ದಂಡ ಅನಿಸುತ್ತದೆ. ಇದ್ದ ತೊಂದರೆಯನ್ನೇ ನಾಲ್ಕು ಅಡಿ ಆಚೆ ಇಟ್ಟ ಹಾಗೆ.

ಆಫೀಸೋ ಕ್ಲಿನಿಕ್ಕೋ ಇದ್ದು ನಡುವೆ ಪಾಯಿಂಟ್ ಬೇಕೇ ಬೇಕು ಅನ್ನುವವರು ರಬ್ಬರ್ ಸೀಲ್ ಇರುವ ಹಿತ್ತಾಳೆ ಅಥವಾ ಸ್ಟೀಲ್ ಫ್ಲೋರ್ ಬಾಕ್ಸ್ ಹಾಕಿಸಬಹುದು. ಡಬ್ಬಿಯ ಮೇಲೆ ಐಪಿ ಸಂಖ್ಯೆ ಬರೆದಿರುತ್ತದೆ. ಐಪಿ 44 ಅಂದರೆ ನೀರು ಸಿಡಿದರೆ ತಡೆಯುತ್ತದೆ, ಅಷ್ಟೇ. ಐಪಿ 67 ಅಂದರೆ ಸ್ವಲ್ಪ ಹೊತ್ತು ನೀರಲ್ಲಿ ಮುಳುಗಿದರೂ ಒಳಗೆ ಇಳಿಯುವುದಿಲ್ಲ. ಆದರೆ ಹೆಚ್ಚಿನ ಬಾಕ್ಸುಗಳಲ್ಲಿ ಈ ಲೆಕ್ಕವೆಲ್ಲ ಮುಚ್ಚಳ ಹಾಕಿದ್ದಾಗ ಮಾತ್ರ. ಪ್ಲಗ್ ಚುಚ್ಚಿಟ್ಟು ಮುಚ್ಚಳ ತೆರೆದಿಟ್ಟರೆ ಆ ಸಂಖ್ಯೆಗೆ ಬೆಲೆ ಇಲ್ಲ.

ಕರೆಂಟ್ ನಿಜವಾಗಲೂ ಆಫ್ ಆಗಿದೆಯಾ?

ಮೇನ್ ಆಫ್ ಮಾಡಿದರೆ ಆಯಿತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಆಗಲ್ಲ. ಎರಡು ಕಡೆಯಿಂದ ಮೋಸ ಆಗಬಹುದು.

ಮೊದಲನೆಯದು ಯುಪಿಎಸ್. ಮೇನ್ ಇಳಿಸಿದ ಕೂಡಲೇ ಅದು ಕರೆಂಟ್ ಹೋಯಿತು ಅಂದುಕೊಂಡು ಬ್ಯಾಟರಿಯಿಂದ ಕೊಡಲು ಶುರು ಮಾಡುತ್ತದೆ. ಹಿಂದೆ ಕಂಪ್ಯೂಟರ್ ಇದ್ದ ಜಾಗವಾದರೆ ನೆಲದ ಪಾಯಿಂಟ್ ಯುಪಿಎಸ್ ಲೈನಿನಲ್ಲೇ ಇರುವ ಸಾಧ್ಯತೆ ಜಾಸ್ತಿ. ಹಾಗಾಗಿ ಮೇನ್ ಜೊತೆ ಯುಪಿಎಸ್ ಕೂಡ ಆಫ್ ಮಾಡಿ. ಬ್ಯಾಟರಿ ಇರುವ ಸೋಲಾರ್ ಇದ್ದರೆ ಅದನ್ನೂ.

ಎರಡನೆಯದು ಎರಡು ಮೀಟರ್. ಅಂಗಡಿಯಾಗಿದ್ದ ಜಾಗವನ್ನು ಮನೆ ಮಾಡಿಕೊಂಡಿದ್ದರೆ ಅಂಗಡಿ ಮೀಟರ್ ಬೇರೆ, ಮನೆ ಮೀಟರ್ ಬೇರೆ ಇರಬಹುದು. ನೀವು ಆಫ್ ಮಾಡಿದ್ದು ಮನೆಯದು, ನೆಲಕ್ಕೆ ಬರುತ್ತಿರುವುದು ಅಂಗಡಿಯದು. ಎರಡನ್ನೂ ಇಳಿಸಿ. ಮೀಟರಿನ ಸೀಲ್ ಮಾತ್ರ ಯಾರೂ ಮುಟ್ಟಬಾರದು. ಅದು ಬೆಸ್ಕಾಂನವರ ಕೆಲಸ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆ ಬೆಸ್ಕಾಂಗೇ ಸೇರುತ್ತವೆ, ಸಹಾಯವಾಣಿ 1912.

ಆ ಲೈನಿನ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಒಂದನ್ನೇ ಇಳಿಸಿ ಕೆಲಸ ಶುರು ಮಾಡಿದರೆ ಸಾಲದಾ ಅಂತ ಕೇಳಬಹುದು. ಸಿಂಗಲ್ ಪೋಲ್ ಎಂಸಿಬಿ ಫೇಸ್ (ಕರೆಂಟ್ ಬರುವ ವೈರ್) ಅನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ (ವಾಪಸ್ ಹೋಗುವ ಕರಿ ವೈರ್) ಹಾಗೇ ಇರುತ್ತದೆ. ಹಳೆಯ ಮನೆಗಳಲ್ಲಿ ಎರಡು ಲೈನಿಗೆ ಒಂದೇ ನ್ಯೂಟ್ರಲ್ ಕೊಟ್ಟಿರುವುದುಂಟು. ಇನ್ನೊಂದು ಲೈನ್ ಓಡುತ್ತಿರುವಾಗ ಆ ನ್ಯೂಟ್ರಲ್ ಕಳಚಿದರೆ ಕರಿ ವೈರೇ ಹೊಡೆಯುತ್ತದೆ. ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಮೇನ್ ಅನ್ನೇ ಇಳಿಸಿ, ಮೇಲೆ ಒಂದು ಚೀಟಿ ಅಂಟಿಸಿ. ಮನೆಯಲ್ಲಿ ಯಾರಾದರೂ "ಫ್ಯಾನ್ ಯಾಕ್ ನಿಂತು?" ಅಂತ ಮತ್ತೆ ಎತ್ತಿಬಿಟ್ಟಾರು.

ಆಫ್ ಆಗಿರುವುದನ್ನು ಟೆಸ್ಟರ್ ಒಂದರಿಂದಲೇ ನಂಬಬೇಡಿ. ರಬ್ಬರ್ ಚಪ್ಪಲಿ ಹಾಕಿ ನಿಂತರೆ ಅದರ ದೀಪ ಕಾಣದಷ್ಟು ಮಂಕಾಗಬಹುದು. ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಹಿಡಿದು ಮೊದಲು ಕರೆಂಟ್ ಇರುವ ಪಾಯಿಂಟಿನಲ್ಲಿ 230 ವೋಲ್ಟ್ ಆಸುಪಾಸು ತೋರಿಸುತ್ತಾ ನೋಡಬೇಕು. ಆಮೇಲೆ ಮೇನ್ ಇಳಿಸಿ ನೆಲದ ಸಾಕೆಟ್‌ನಲ್ಲಿ ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಮೂರನ್ನೂ ನೋಡಬೇಕು. ಮೀಟರೇ ಕೆಟ್ಟಿಲ್ಲ ಅಂತ ಗ್ಯಾರಂಟಿ ಆಗಲು ಮತ್ತೆ ಕರೆಂಟ್ ಇರುವ ಕಡೆ ಒಮ್ಮೆ ಹಿಡಿಯಬೇಕು. ಮನೆಯಲ್ಲಿ ಎಲ್ಲ ಆಫ್ ಇದ್ದರೆ ಪಕ್ಕದ ಮನೆಯ ಪಾಯಿಂಟ್ ಆದರೂ ಆಯಿತು.

ಪೈಪ್ ಎಲ್ಲಿಂದ ಬಂದಿದೆ?

ಇದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಇದು ಗೊತ್ತಿಲ್ಲದೆ ನೆಲಕ್ಕೆ ಉಳಿ ಇಟ್ಟವರು ಇಡೀ ಹಾಲ್ ಅಗೆಯುತ್ತಾರೆ.

ನಮ್ಮ ಮನೆಗಳಲ್ಲಿ ವೈರಿನ ಪೈಪು ಸಾಮಾನ್ಯವಾಗಿ ಮೇಲಿನ ಆರ್‌ಸಿಸಿ ತಾರಸಿಯಲ್ಲಿ ಓಡಿ, ಗೋಡೆಯಲ್ಲಿ ಕೆಳಗಿಳಿದು ಬೋರ್ಡಿಗೆ ಸೇರುತ್ತದೆ. ಅಂದರೆ ಬೋರ್ಡಿನ ಬಾಕ್ಸಿಗೆ ಪೈಪು ಬರುವುದು ಮೇಲಿನಿಂದ. ನೆಲದ ಪಾಯಿಂಟಿಗೆ ಹೋಗುವ ಪೈಪು ಮಾತ್ರ ಬಾಕ್ಸಿನ ಕೆಳಗಿನಿಂದ ಹೊರಡುತ್ತದೆ. ಹಾಗಾಗಿ ನೆಲದ ಪಾಯಿಂಟಿಗೆ ಹತ್ತಿರದ ಬೋರ್ಡನ್ನು ಬಿಚ್ಚಿಸಿ, ಟಾರ್ಚ್ ಹಿಡಿದು ತಳ ನೋಡಿ. ಕೆಳಮುಖವಾಗಿ ಒಂದು ಪೈಪಿನ ಬಾಯಿ ಕಂಡರೆ ಹೆಚ್ಚುಕಮ್ಮಿ ಅದೇ. ಅಲ್ಲಿ ಕಾಣದಿದ್ದರೆ ಮುಂದಿನ ಬೋರ್ಡ್, ಆಮೇಲೆ ಡಿಬಿ, ಅಂದರೆ ಎಂಸಿಬಿಗಳೆಲ್ಲ ಇರುವ ಡಬ್ಬಿ.

ಗ್ಯಾರಂಟಿ ಮಾಡಿಕೊಳ್ಳಲು ಇಬ್ಬರು ಬೇಕು. ಒಬ್ಬರು ನೆಲದ ಬಾಕ್ಸಿನಲ್ಲಿ ವೈರನ್ನು ಮೆಲ್ಲಗೆ ಎಳೆದು ಬಿಡಬೇಕು, ಇನ್ನೊಬ್ಬರು ಬೋರ್ಡಿನಲ್ಲಿ ಯಾವ ವೈರ್ ಅಲುಗಿತು ಅಂತ ನೋಡಬೇಕು. ಬಣ್ಣ ನಂಬಿ ತೀರ್ಮಾನ ಮಾಡಬೇಡಿ. ಕೆಂಪು, ಹಳದಿ, ನೀಲಿ ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್ ಅನ್ನುವುದು ಪದ್ಧತಿ. ಆದರೆ ಆವತ್ತು ಕೈಗೆ ಸಿಕ್ಕ ಬಣ್ಣ ಎಳೆದು ಹೋದ ಮನೆಗಳು ಬೇಕಾದಷ್ಟಿವೆ.

ಈಗ ವೈರ್ ಎಣಿಸಿ. ಸಾಕೆಟ್‌ನ ಸ್ಕ್ರೂಗಳಲ್ಲಿ ಅಲ್ಲ, ಪೈಪಿನ ಬಾಯಲ್ಲಿ. ಎರಡು ಸಾಕೆಟ್ ಇರುವ ಬಾಕ್ಸಿನಲ್ಲಿ ಒಂದರಿಂದ ಒಂದಕ್ಕೆ ತುಂಡು ವೈರ್ ಕೊಟ್ಟಿರುತ್ತಾರೆ, ಅದನ್ನು ಲೆಕ್ಕಕ್ಕೆ ಹಿಡಿದರೆ ತಪ್ಪುತ್ತದೆ. ಒಂದೇ ಪೈಪು, ಮೂರೇ ವೈರ್ ಇದ್ದರೆ ಲೈನ್ ಅಲ್ಲಿಗೇ ಮುಗಿದಿದೆ. ಎರಡು ಪೈಪು ಅಥವಾ ಆರು ವೈರ್ ಇದ್ದರೆ ಅಲ್ಲಿಂದ ಇನ್ನೆಲ್ಲಿಗೋ ಹೋಗಿದೆ. ಯಾವುದಕ್ಕೆ ಅಂತ ತಿಳಿಯದೆ ಕತ್ತರಿಸಿದರೆ ಪಕ್ಕದ ರೂಮಿನ ಪ್ಲಗ್ ಸತ್ತುಹೋಗುತ್ತದೆ. ಅರ್ಥಿಂಗ್ ಮಾತ್ರ ಕಡಿದುಹೋದರೆ ಇನ್ನೂ ಕೆಟ್ಟದ್ದು. ಪ್ಲಗ್ ಕೆಲಸ ಮಾಡುತ್ತಲೇ ಇರುತ್ತದೆ, ರಕ್ಷಣೆ ಇರುವುದಿಲ್ಲ. ಫ್ರಿಜ್ ಮುಟ್ಟಿದಾಗ ಶಾಕ್ ಹೊಡೆದ ಮೇಲೇ ಗೊತ್ತಾಗುವುದು.

ವೈರ್ ಹಿಂದಕ್ಕೆ ಎಳೆಯುವುದು

ಮೂರೇ ವೈರ್ ಇದ್ದರೆ ಕೆಲಸ ಸಲೀಸು. ಬೋರ್ಡಿನಲ್ಲಿ ಮೂರನ್ನೂ ಕಳಚಿ, ಬೋರ್ಡಿನ ಕಡೆಯಿಂದ ಎಳೆದು ತೆಗೆದರೆ ಪೈಪು ಖಾಲಿ. ನೆಲ ಒಡೆಯುವ ಮಾತೇ ಇಲ್ಲ. ಪೈಪು ಅಲ್ಲೇ ಇರಲಿ, ಅದರಿಂದ ಯಾರಿಗೂ ತೊಂದರೆ ಇಲ್ಲ.

ಕೆಲವೊಮ್ಮೆ ವೈರ್ ಬರುವುದಿಲ್ಲ. ಪೈಪಿನೊಳಗೆ ಸಿಮೆಂಟ್ ಹಾಲು ಇಳಿದು ಗಟ್ಟಿಯಾಗಿರುತ್ತದೆ, ಇಲ್ಲವೇ ಪೈಪು ಚಪ್ಪಟೆಯಾಗಿರುತ್ತದೆ. ಜಗ್ಗಾಡಬೇಡಿ. ಬೋರ್ಡಿನ ಕಡೆ ಪೂರ್ತಿ ಬಿಡಿಸಿ, ತುದಿಗೆ "ಬಳಕೆಯಲ್ಲಿಲ್ಲ" ಅಂತ ಚೀಟಿ ಕಟ್ಟಿ. ನೆಲದ ಕಡೆ ಪೈಪಿನ ಮಟ್ಟಕ್ಕೆ ಕತ್ತರಿಸಿ. ಎರಡೂ ತುದಿ ಬಿಟ್ಟ ವೈರ್ ಬರೀ ತಾಮ್ರದ ತುಂಡು.

ಆರು ವೈರ್ ಇದ್ದಾಗ ಎರಡು ದಾರಿ. ಮುಂದಿನ ಪಾಯಿಂಟಿಗೆ ಗೋಡೆ ಕಡೆಯಿಂದ ಹೊಸ ಲೈನ್ ಕೊಟ್ಟು ನೆಲದ ಎರಡೂ ತುಂಡನ್ನು ಕೈಬಿಡುವುದು ಒಂದು. ನನಗೆ ಇಷ್ಟ ಇದೇ. ಇನ್ನೊಂದು, ನೆಲದ ಬಾಕ್ಸ್ ತೆಗೆದು ಎರಡು ಪೈಪನ್ನೂ ಸೇರಿಸಿ, ಆ ಕಡೆಯಿಂದ ಈ ಕಡೆಗೆ ನಡುವೆ ಜಾಯಿಂಟ್ ಇಲ್ಲದ ಅಖಂಡ ವೈರ್ ಎಳೆಯುವುದು. ಇದು ಪೈಪ್ ಒಣಗಿದ್ದು, ಗಟ್ಟಿ ಇದ್ದರೆ ಮಾತ್ರ. ಇದ್ದ ವೈರಿಗೇ ಗಂಟು ಹಾಕಿ ಮುಚ್ಚುವುದು ದಾರಿಯೇ ಅಲ್ಲ. ಜಾಯಿಂಟ್ ಬೇಕೇ ಬೇಕಾದರೆ ಅದು ಮುಚ್ಚಳ ತೆಗೆದು ನೋಡಬಹುದಾದ ಬಾಕ್ಸಿನಲ್ಲಿರಬೇಕು, ಅದೂ ಗೋಡೆಯಲ್ಲಿ.

ಬಹಳ ಹಳೆಯ ಮನೆಯಾಗಿ ಅಲ್ಯೂಮಿನಿಯಂ ವೈರ್ ಸಿಕ್ಕರೆ ಅದಕ್ಕೆ ತಾಮ್ರದ ವೈರ್ ತಿರುಚಿ ಜೋಡಿಸಲು ಬಿಡಬೇಡಿ. ಆ ಜೋಡಣೆ ದಿನ ಕಳೆದಂತೆ ಬಿಸಿಯಾಗುತ್ತದೆ. ಆ ಲೈನನ್ನೇ ತಾಮ್ರಕ್ಕೆ ಬದಲಾಯಿಸಿಬಿಡಿ.

ಹಲ್ಲಿನ ಕ್ಲಿನಿಕ್ ಇದ್ದ ಕೋಣೆಯದ್ದು ಬೇರೆಯೇ ಕಥೆ. ದಾವಣಗೆರೆಯಲ್ಲಿ ಎರಡು ಡೆಂಟಲ್ ಕಾಲೇಜು ಇರುವುದರಿಂದ ಇಂಥ ಕೋಣೆಗಳು ಇಲ್ಲಿ ಅಪರೂಪವಲ್ಲ. ಕುರ್ಚಿಯ ಬುಡದ ಗುಂಡಿಯಲ್ಲಿ ಕರೆಂಟ್ ಒಂದೇ ಇರುವುದಿಲ್ಲ. ನೀರಿನ ಪೈಪು, ಕಂಪ್ರೆಸರ್ ಗಾಳಿಯ ಪೈಪು, ಹೊಲಸು ನೀರು ಹೋಗುವ ಪೈಪು ಎಲ್ಲ ಒಟ್ಟಿಗೆ ಬಂದಿರುತ್ತವೆ. ಅಲ್ಲಿ ಮೊದಲು ಪ್ಲಂಬರ್, ಆಮೇಲೆ ಎಲೆಕ್ಟ್ರಿಷಿಯನ್. ನೀರಿನ ಲೈನನ್ನು ಅದು ಹೊರಟ ಕಡೆಯೇ ಬಂದ್ ಮಾಡಿಸಿ. ಹಾಗೆ ಮಾಡದೆ ಗುಂಡಿಯಲ್ಲಿ ಬರೀ ಎಂಡ್ ಕ್ಯಾಪ್ ಹಾಕಿ ಮುಚ್ಚಿದರೆ ಒಂದು ದಿನ ಟೈಲ್ ಕೆಳಗೆ ಸೋರುತ್ತದೆ. ಚರಂಡಿಗೆ ಹೋಗುವ ಪೈಪಿಗಂತೂ ಗಟ್ಟಿ ಕ್ಯಾಪ್ ಹಾಕಲೇಬೇಕು, ಇಲ್ಲದಿದ್ದರೆ ವಾಸನೆ, ಜಿರಲೆ ಎರಡೂ ಮನೆಗೆ.

ಹೊಸ ಪಾಯಿಂಟ್ ಎಲ್ಲಿ?

ಅದಕ್ಕೆ ಏನು ಚುಚ್ಚುತ್ತೀರಿ ಅನ್ನುವುದರ ಮೇಲೆ ತೀರ್ಮಾನ. ಮೊಬೈಲ್, ಲ್ಯಾಪ್‌ಟಾಪ್, ಟೇಬಲ್ ಫ್ಯಾನಿಗೆ 6 ಆಂಪಿಯರ್ ಸಾಕೆಟ್, ಒಂದೂವರೆ (1.5 ಚದರ ಮಿಲಿಮೀಟರ್) ವೈರ್ ಸಾಕು. ಊಟದ ಟೇಬಲ್ ಹತ್ತಿರ ಇಂಡಕ್ಷನ್ ಒಲೆ ಇಡುವವರಾದರೆ ಲೆಕ್ಕ ಬದಲಾಗುತ್ತದೆ. 2000 ವ್ಯಾಟ್ ಒಲೆ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರ್ ಸಾಕೆಟ್, ಎರಡೂವರೆ ವೈರ್ ಬೇಕು, ಸಾಧ್ಯವಾದರೆ ಡಿಬಿಯಿಂದಲೇ ಬೇರೆ ಲೈನ್. ವೈರ್ ಮೇಲೆ ಐಎಸ್ 694, ಸಾಕೆಟ್ ಮೇಲೆ ಐಎಸ್ 1293 ಮತ್ತು ಐಎಸ್ಐ ಗುರುತು ಇದೆಯಾ ನೋಡಿ ಕೊಳ್ಳಿ.

ಎತ್ತರ ನೆಲದಿಂದ ಕನಿಷ್ಠ ಒಂದು ಅಡಿ ಇರಲಿ. ತೊಳೆಯುವ ನೀರು ಸಿಡಿದರೂ ಅಲ್ಲಿಗೆ ತಲುಪುವುದು ಕಷ್ಟ.

ಗೋಡೆ ಕಟಿಂಗ್ ಮಾಡುವಾಗ ಮೇಲಿಂದ ಕೆಳಕ್ಕೆ ನೇರ ಗೆರೆ ಹೊಡೆಸಿ. ಅಡ್ಡಡ್ಡ ಉದ್ದಕ್ಕೆ ಕೊರೆಯಲು ಬಿಡಬೇಡಿ. ನೇರ ಕೊರೆತ ಗೋಡೆ ದಪ್ಪದ ಮೂರನೇ ಒಂದು ಭಾಗ ಮೀರಬಾರದು, ಅಡ್ಡ ಕೊರೆತ ಆರನೇ ಒಂದು ಭಾಗ ಮೀರಬಾರದು ಅನ್ನುವುದು ಕಟ್ಟಡದವರ ಲೆಕ್ಕ. ನಾಲ್ಕೂವರೆ ಇಂಚಿನ ಗೋಡೆ ಅಂದರೆ ಸುಮಾರು 115 ಮಿಲಿಮೀಟರ್. ಆರನೇ ಒಂದು ಭಾಗ 19 ಮಿಲಿಮೀಟರ್ ಆಯಿತು. 25 ಮಿಲಿಮೀಟರ್ ಪೈಪು ಅಡ್ಡ ಹೂತು ಮೇಲೆ ಪ್ಲಾಸ್ಟರ್ ನಿಲ್ಲಬೇಕೆಂದರೆ ಆ ಲೆಕ್ಕ ತಪ್ಪುತ್ತದೆ. ಅಡ್ಡ ಹೋಗಲೇಬೇಕಾದರೆ ಗೋಡೆ ಬುಡದಲ್ಲಿ ಕೇಸಿಂಗ್ ಪಟ್ಟಿ ಅಂಟಿಸಿ ಅದರೊಳಗೆ ವೈರ್ ಒಯ್ಯಿರಿ. ಚಂದ ಸ್ವಲ್ಪ ಕಮ್ಮಿ, ಗೋಡೆಗೆ ಪೆಟ್ಟಿಲ್ಲ. ಕಂಬ, ಬೀಮಿಗೆ ಕಟರ್ ತಾಗಲೇಬಾರದು. ಮಹಡಿ ಮನೆಯಾದರೆ ನೆಲದಲ್ಲಿ ಆರ್‌ಸಿಸಿ ಕಬ್ಬಿಣ ಇರುತ್ತದೆ, ಅದೂ ಅಷ್ಟೇ.

ಕಾರ್ಪೆಟ್ ಕೆಳಗೆ ಎಕ್ಸ್‌ಟೆನ್ಷನ್ ವೈರ್ ಎಳೆದು ಇಷ್ಟೆಲ್ಲ ತಪ್ಪಿಸಿಕೊಳ್ಳುತ್ತೇನೆ ಅನ್ನುವವರಿಗೆ: ಬೇಡ. ತುಳಿದು ತುಳಿದು ವೈರ್ ಸಿಪ್ಪೆ ಒಡೆಯುತ್ತದೆ, ಬಿಸಿ ಹೊರಹೋಗಲು ಜಾಗವೂ ಇರುವುದಿಲ್ಲ.

ನೆಲದ ಗುಂಡಿ ಮುಚ್ಚುವುದು

ನೆಲದಲ್ಲಿರುವ ಕಬ್ಬಿಣದ ಬಾಕ್ಸನ್ನು ಹಾಗೇ ಬಿಟ್ಟು ಸಿಮೆಂಟ್ ತುಂಬುವವರಿದ್ದಾರೆ. ತೆಗೆಸಿಬಿಡಿ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಮೇಲಿನ ಟೈಲನ್ನು ಎಬ್ಬಿಸುತ್ತದೆ. ಪೈಪನ್ನು ನೆಲದ ಮಟ್ಟಕ್ಕಿಂತ ಎರಡು ಇಂಚು ಕೆಳಗೆ ಕತ್ತರಿಸಿ, ಎಂಡ್ ಕ್ಯಾಪ್‌ಗೆ ಪಿವಿಸಿ ಸೊಲ್ಯೂಷನ್ ಹಚ್ಚಿ ಮುಚ್ಚಿ. ಬೋರ್ಡಿನ ಕಡೆಯ ಬಾಯಿಗೂ ಒಂದು ಬಿರಡೆ ಹಾಕಿ, ಇರುವೆ ಹತ್ತಿ ಬೋರ್ಡಿಗೆ ಬಾರದಂತೆ.

ಮುಚ್ಚುವ ಮುಂಚೆ ಒಂದು ಫೋಟೋ ತೆಗೆದಿಡಿ, ಟೇಪ್ ಹಿಡಿದು ಎರಡು ಗೋಡೆಯಿಂದ ಎಷ್ಟು ದೂರ ಅಂತ ಕಾಣುವಂತೆ. ಗುಂಡಿಯನ್ನು ಗುಡಿಸಿ, ನೀರು ಚಿಮುಕಿಸಿ, ಒಂದಕ್ಕೆ ಮೂರು ಸಿಮೆಂಟ್ ಮರಳು ಕಲಸಿ ಒತ್ತಿ ತುಂಬಿಸಿ. ಟೈಲ್ ದಪ್ಪದಷ್ಟು ಜಾಗ ಬಿಟ್ಟು ನಿಲ್ಲಿಸಿ. ಒದ್ದೆ ಗೋಣಿ ಹಾಕಿ ವಾರ ಬಿಡಿ, ಆಮೇಲೆ ಒಣಗಲು ಬಿಡಿ.

ಮೇಲೆ ಏನು ಹಾಕುವುದು ಅನ್ನುವುದು ನಿಮ್ಮ ನೆಲ ಯಾವುದು ಅನ್ನುವುದರ ಮೇಲೆ.

ವಿಟ್ರಿಫೈಡ್ ಟೈಲ್ ಆದರೆ ತೂತಿರುವ ಇಡೀ ಟೈಲ್ ಬದಲಾಯಿಸಿ. ಸುತ್ತಲಿನ ಸಂದಿಯ ಗ್ರೌಟನ್ನು ಮೊದಲು ಕೆರೆದು ತೆಗೆಸಿ, ನಡುವಿನಿಂದ ಹೊರಗೆ ಒಡೆಯುತ್ತ ಬರಲು ಮೇಸ್ತ್ರಿಗೆ ಹೇಳಿ. ಅಂಚಿನಿಂದ ಶುರು ಮಾಡಿದರೆ ಪಕ್ಕದ್ದೂ ಸಿಡಿಯುತ್ತದೆ. ಅದೇ ಡಿಸೈನ್ ಅಂಗಡಿಯಲ್ಲಿ ಸಿಕ್ಕರೂ ಬೇರೆ ಲಾಟ್ ಆದರೆ ಬಣ್ಣ ಒಂದು ಕೂದಲೆಳೆ ಬೇರೆ ಇರುತ್ತದೆ. ಅಟ್ಟದ ಮೇಲೆ ಉಳಿದ ಟೈಲ್ ಹುಡುಕಿ. ಇಲ್ಲವಾದರೆ ಮಂಚದ ಕೆಳಗಿನದನ್ನು ಹುಷಾರಾಗಿ ಎಬ್ಬಿಸಿ ಇಲ್ಲಿಗೆ ಹಾಕಿಸಿ, ಹೊಸದನ್ನು ಮಂಚದ ಕೆಳಗೆ.

ಶಹಾಬಾದ್ ಅಥವಾ ಕಡಪ ಕಲ್ಲಿನ ನೆಲಕ್ಕೆ ಕಲ್ಲು ಕತ್ತರಿಸುವವರ ಹತ್ತಿರ ಅಳತೆಗೆ ತುಂಡು ಮಾಡಿಸಿ ಕೂರಿಸಬಹುದು. ಚೌಕ ಚೆನ್ನಾಗಿ ಕತ್ತರಿಸಿದರೆ ತೇಪೆ ಅಂತ ಅನಿಸುವುದೇ ಇಲ್ಲ. ಗ್ರಾನೈಟ್‌ಗೂ ಇದೇ. ಹಳೆಯ ನೆಲದ ಫೋಟೋ ನಂಬದೆ ಒಂದು ಚೂರನ್ನೇ ಕೈಯಲ್ಲಿ ಹಿಡಿದು ಹೋಗಿ.

ರೆಡ್ ಆಕ್ಸೈಡ್ ನೆಲದವರಿಗೆ ಸಮಾಧಾನ ಹೇಳುವುದು ಕಷ್ಟ. ವರ್ಷಗಟ್ಟಲೆ ಕಾಲು ತಾಗಿ ಬಂದ ಹೊಳಪನ್ನು ಹೊಸ ತೇಪೆಗೆ ತರಲು ಆಗುವುದಿಲ್ಲ. ಮೊದಲು ಹಲಗೆ ಮೇಲೆ ಎರಡು ಮೂರು ಹದದಲ್ಲಿ ಸಿಮೆಂಟ್, ಆಕ್ಸೈಡ್ ಕಲಸಿ ಒಣಗಿಸಿ ನೋಡಿ. ಹಸಿಯಲ್ಲಿ ಕಂಡ ಬಣ್ಣ ಬೇರೆ, ಒಣಗಿದ್ದು ಬೇರೆ. ಹತ್ತಿರದ್ದನ್ನು ಆರಿಸಿ ತೇಪೆ ಹಾಕಿಸಿ, ಆರಿದ ಮೇಲೆ ಮೇಣ ತಿಕ್ಕಿ. ನಾನಾದರೆ ಅಲ್ಲಿ ಒಂದು ಸಣ್ಣ ಚೌಕ ಕಪ್ಪು ಕಲ್ಲು ಕೂರಿಸುತ್ತೇನೆ. ಬೇಕಂತಲೇ ಮಾಡಿದ ಹಾಗೆ ಕಾಣುತ್ತದೆ.

ದುಡ್ಡು ಕೊಡುವ ಮುಂಚೆ

ಈ ಪರೀಕ್ಷೆಗಳನ್ನು ಟೈಲ್ ಹಾಕುವ ಮುಂಚೆಯೇ ಮಾಡಿಸಿ, ಆಮೇಲಲ್ಲ. ಹೊಸ ವೈರಿಗೆ 500 ವೋಲ್ಟ್ ಮೆಗ್ಗರ್ (ವೈರಿನ ಸಿಪ್ಪೆಯಲ್ಲಿ ಕರೆಂಟ್ ಸೋರುತ್ತಾ ಅಂತ ಅಳೆಯುವ ಮೀಟರ್) ಹಿಡಿಯಲು ಹೇಳಿ. ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ನಡುವೆ ಕನಿಷ್ಠ 1 ಮೆಗಾಓಮ್ ಬರಬೇಕು. ಹೊಸ ವೈರ್ ಆದರೆ ಅದಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ. ಮೆಗ್ಗರ್ ಹಾಕುವ ಮುಂಚೆ ಆ ಲೈನಿನಲ್ಲಿರುವ ಎಲ್ಲ ಸಾಮಾನು ಕಿತ್ತಿಡಿ, ಎಲ್ಇಡಿ ಬಲ್ಬ್ ಕೂಡ. ಇಲ್ಲದಿದ್ದರೆ ಸುಟ್ಟುಹೋಗಬಹುದು.

ಆಮೇಲೆ ಮೇನ್ ಎತ್ತಿ ವೋಲ್ಟೇಜ್ ನೋಡಿ. ಫೇಸ್-ನ್ಯೂಟ್ರಲ್ ಮತ್ತು ಫೇಸ್-ಅರ್ಥ್ ಹೆಚ್ಚುಕಮ್ಮಿ ಒಂದೇ ಇರಬೇಕು, ನ್ಯೂಟ್ರಲ್-ಅರ್ಥ್ ನಡುವೆ ಒಂದೆರಡು ವೋಲ್ಟ್ ಅಷ್ಟೇ. ಫೇಸ್ ಸಾಕೆಟ್‌ನ ಬಲಗಡೆ ತೂತಿನಲ್ಲಿ ಬಂದಿದೆಯಾ, ಸ್ವಿಚ್ ಫೇಸನ್ನೇ ಕಡಿಯುತ್ತಿದೆಯಾ ನೋಡಿ. ಮನೆಯ ಉಳಿದ ಪ್ಲಗ್‌ಗಳಿಗೂ ಒಂದು ಸುತ್ತು ಹೋಗಿ, ಯಾವುದಾದರೂ ಸತ್ತಿದೆಯಾ ಅಂತ.

ಡಿಬಿಯಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಬಂದಾಗಲೇ ಹಾಕಿಸಿಬಿಡಿ. ಎಂಸಿಬಿ ಉಳಿಸುವುದು ವೈರನ್ನು. ಒದ್ದೆ ಕೈಯಲ್ಲಿ ಮುಟ್ಟಿದವರನ್ನು ಉಳಿಸಬೇಕಾದರೆ ಆರ್‌ಸಿಸಿಬಿಯೇ ಬೇಕು. ಅದರ ಮೇಲೆ ಟೆಸ್ಟ್ ಅಂತ ಸಣ್ಣ ಬಟನ್ ಇರುತ್ತದೆ, ಒತ್ತಿದ ಕೂಡಲೇ ಆರ್‌ಸಿಸಿಬಿ ಆಫ್ ಆಗಿ ಬೀಳಬೇಕು. ಬೀಳದಿದ್ದರೆ ಬದಲಾಯಿಸಿ.

ಕೊನೆಗೆ ಡಿಬಿ ಬಾಗಿಲಿನ ಒಳಗಡೆ ಯಾವ ಎಂಸಿಬಿ ಯಾವುದಕ್ಕೆ ಅಂತ ಬರೆದು ಅಂಟಿಸಿ. ನೆಲದ ಪೈಪಿನ ಆ ಫೋಟೋದ ಒಂದು ಪ್ರಿಂಟನ್ನೂ ಅಲ್ಲೇ ಸಿಕ್ಕಿಸಿಡಿ. ಟೈಲ್ ಕೂರಿಸಿದ ಮೇಲೆ ಒಂದು ದಿನ ಅದರ ಮೇಲೆ ಕಾಲಿಡಬೇಡಿ, ಭಾರದ ಬೀರು ಎಳೆದಾಡುವುದು ಇನ್ನೂ ಕೆಲವು ದಿನ ತಡವಾಗಲಿ.